ಪೆಡಲ್ ಮೆತ್ತಗಾಗಿದೆ, ಬ್ರೇಕ್ ಆಯಿಲ್ ಇಳಿಯುತ್ತಿದೆ, ನೆಲದ ಮೇಲೆ ಮಾತ್ರ ಒಂದು ಹನಿಯೂ ಇಲ್ಲ

ಪ್ರಶ್ನೆ: ನನ್ನದು ಒಂಬತ್ತು ವರ್ಷದ ಸಣ್ಣ ಕಾರು. ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ ಇದೆ. ಮೂರು ತಿಂಗಳಿಂದ ಬ್ರೇಕ್ ಪೆಡಲ್ ಮೆತ್ತಗಾಗುತ್ತಾ ಬಂದಿದೆ. ಮೊದಲ ಸಲ ಒತ್ತಿದರೆ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ, ತಕ್ಷಣ ಇನ್ನೊಮ್ಮೆ ಒತ್ತಿದರೆ ಮೇಲೆಯೇ ಹಿಡಿಯುತ್ತದೆ. ಸಿಗ್ನಲ್‌ನಲ್ಲಿ ಒತ್ತಿಕೊಂಡು ನಿಂತಾಗ ನಿಧಾನವಾಗಿ ಇಳಿದ ಹಾಗೂ ಅನಿಸುತ್ತದೆ. ಡಬ್ಬಿಯಲ್ಲಿ ಆಯಿಲ್ ಮ್ಯಾಕ್ಸ್‌ನಿಂದ ಮಿನ್‌ಗೆ ಬಂದಿತ್ತು. ತುಂಬಿಸಿದೆ, ಆರು ವಾರದಲ್ಲಿ ಮತ್ತೆ ಅಷ್ಟೇ ಇಳಿಯಿತು. ಮುಂದಿನ ಪ್ಯಾಡ್ ಹೊಸದು. ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿ ನೋಡಿದೆ, ಏನೂ ಬಿದ್ದಿಲ್ಲ. ಒಬ್ಬ ಮೆಕ್ಯಾನಿಕ್ ಏರ್ ಹಿಡಿದಿದೆ ಎಂದು ಬ್ಲೀಡ್ ಮಾಡಿದರು, ಅಂದರೆ ಆಯಿಲ್ ಹರಿಸಿ ಏರ್ ಹೊರಗೆ ತೆಗೆದರು, ಹತ್ತು ದಿನ ಚೆನ್ನಾಗಿತ್ತು. ಇನ್ನೊಬ್ಬರು ಬೂಸ್ಟರ್ ಹೋಗಿದೆ ಅಂತಾರೆ, ಮತ್ತೊಬ್ಬರು ಮಾಸ್ಟರ್ ಸಿಲಿಂಡರ್ ಬದಲಿಸಿ ಅಂತಾರೆ. ಆಯಿಲ್ ಹಾಕಿಕೊಂಡೇ ಓಡಿಸಬಹುದೇ? ಮೊದಲು ಯಾವುದನ್ನು ಬದಲಿಸಲಿ?

ಉತ್ತರ: ಓಡಿಸಬೇಡಿ. ಸದ್ಯಕ್ಕೆ ಏನನ್ನೂ ಬದಲಿಸಲೂ ಬೇಡಿ. ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ: ಆಯಿಲ್ ಎಲ್ಲಿಗೆ ಹೋಗುತ್ತಿದೆ, ಮತ್ತು ಪೆಡಲ್ ಯಾಕೆ ಮೆತ್ತಗಾಗಿದೆ. ಮೂವರು ಮೆಕ್ಯಾನಿಕ್‌ಗಳೂ ಎರಡನೆಯದಕ್ಕೆ ಉತ್ತರ ಹೇಳಿದ್ದಾರೆ, ಮೊದಲನೆಯದನ್ನು ಯಾರೂ ಮುಟ್ಟಿಲ್ಲ. ಆಯಿಲ್ ಹೋಗುವ ಜಾಗ ಸಿಕ್ಕರೆ ಪೆಡಲ್ ಮೆತ್ತಗಾದ ಕಾರಣವೂ ಬಹುತೇಕ ಅಲ್ಲೇ ಸಿಗುತ್ತದೆ.

ಬ್ರೇಕ್ ಆಯಿಲ್ ಎಂಜಿನ್ ಆಯಿಲ್‌ನಂತೆ ಸ್ವಲ್ಪ ಸ್ವಲ್ಪ ಸುಟ್ಟುಹೋಗುವುದಿಲ್ಲ, ಆವಿಯಾಗಿ ಕಡಿಮೆಯಾಗುವುದೂ ಇಲ್ಲ. "ಹಳೇ ಗಾಡಿ ಆಯಿಲ್ ಕುಡಿಯುತ್ತೆ ಬಿಡಿ" ಅನ್ನುವ ಮಾತು ಬ್ರೇಕಿನ ವಿಷಯದಲ್ಲಿ ನಡೆಯದು. ಸೋರಿಕೆ ಇಲ್ಲದೆ ಮಟ್ಟ ಇಳಿಯುವುದಕ್ಕೆ ಇರುವ ದಾರಿ ಒಂದೇ, ಪ್ಯಾಡ್ ಸವೆತ. ಪ್ಯಾಡ್ ತೆಳುವಾದಷ್ಟೂ, ಅದನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ಹೊರಗೆ ಬಂದು ನಿಲ್ಲುತ್ತದೆ, ಅದರ ಹಿಂದೆ ಖಾಲಿಯಾದ ಜಾಗವನ್ನು ಡಬ್ಬಿಯ ಆಯಿಲ್ ತುಂಬುತ್ತದೆ. ಎಷ್ಟು? ಪಿಸ್ಟನ್ 54 ಮಿಲಿಮೀಟರ್ ವ್ಯಾಸದ್ದು ಎಂದುಕೊಳ್ಳಿ. ಒಳಗಿನ ಪ್ಯಾಡ್, ಹೊರಗಿನ ಪ್ಯಾಡ್ ಎರಡೂ ಒಂದೊಂದು ಮಿಲಿಮೀಟರ್ ಸವೆದರೆ ಪಿಸ್ಟನ್ ಎರಡು ಮಿಲಿಮೀಟರ್ ಹೊರಬರುತ್ತದೆ; ಆ ಚಕ್ರಕ್ಕೆ ಹೋಗುವ ಆಯಿಲ್ ಸುಮಾರು 4.6 ಮಿಲಿಲೀಟರ್. ಪ್ಯಾಡ್‌ಗಳು 8 ಮಿಲಿಮೀಟರ್ ಪೂರ್ತಿ ಸವೆದರೂ ಎರಡು ಮುಂಚಕ್ರಗಳಿಗೆ ಸೇರಿ 75 ಮಿಲಿಲೀಟರ್ ದಾಟುವುದಿಲ್ಲ. ಅಂದರೆ ಹೊಸ ಪ್ಯಾಡ್ ಹಾಕಿದ ದಿನದಿಂದ ಅದು ಮುಗಿಯುವ ತನಕ ಮೆಲ್ಲಗೆ ಆಗಬೇಕಾದ ಇಳಿತ ಇದು. ಡಬ್ಬಿಯಲ್ಲಿ ಮ್ಯಾಕ್ಸ್ ಮತ್ತು ಮಿನ್ ನಡುವೆ ಜಾಗ ಬಿಟ್ಟಿರುವುದೂ ಇದಕ್ಕಾಗಿಯೇ. ಹೊಸ ಪ್ಯಾಡ್ ಇಟ್ಟುಕೊಂಡು ಆರು ವಾರದಲ್ಲಿ ಇಷ್ಟು ಇಳಿದಿದೆ ಎಂದರೆ ನಿಮ್ಮ ಕಾರಿನಲ್ಲಿ ಸೋರಿಕೆ ಇದೆ, ಅನುಮಾನವೇ ಬೇಡ.

ಇನ್ನು ಬೂಸ್ಟರ್, ಅಂದರೆ ಎಂಜಿನ್ನಿನ ವ್ಯಾಕ್ಯೂಮ್ ಬಳಸಿ ಕಾಲಿನ ಒತ್ತಡವನ್ನು ಹೆಚ್ಚಿಸುವ ಭಾಗ. ಬೂಸ್ಟರ್ ಕೆಟ್ಟರೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಮೆತ್ತಗಾಗುವುದಿಲ್ಲ. ಜನ ತಪ್ಪು ತಿಳಿಯುವುದು ಬೇರೆ ಕಡೆ. ಎಂಜಿನ್ ಆಫ್ ಇದ್ದಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ ಒಳಗಿನ ವ್ಯಾಕ್ಯೂಮ್ ಖಾಲಿ ಮಾಡಿ, ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿದರೆ ಪೆಡಲ್ ಕಾಲಡಿ ಸ್ವಲ್ಪ ಕೆಳಗಿಳಿಯುತ್ತದೆ. ಅದು ಬೂಸ್ಟರ್ ಸರಿಯಿದೆ ಅನ್ನುವುದರ ಗುರುತು. ಎಂಜಿನ್ ಓಡುತ್ತಿರುವಾಗ ಜೋರಾಗಿ ಒತ್ತಿ ಹಿಡಿದರೆ ಒಳ್ಳೆಯ ಕಾರಿನಲ್ಲೂ ಪೆಡಲ್ ಅಷ್ಟಿಷ್ಟು ಒಳಕ್ಕೆ ಹೋದಂತೆ ಅನಿಸುತ್ತದೆ. ಆದ್ದರಿಂದ ಸಿಗ್ನಲ್‌ನಲ್ಲಿ ಕಂಡದ್ದನ್ನು ನಂಬಿ ತೀರ್ಮಾನಕ್ಕೆ ಬರಬೇಡಿ, ಎಂಜಿನ್ ಆಫ್ ಮಾಡಿ ನೋಡಬೇಕು. ಆ ಪರೀಕ್ಷೆಗೆ ಮುಂದೆ ಬರುತ್ತೇನೆ. ಆದರೂ ಬೂಸ್ಟರ್ ಹೆಸರು ಹೇಳಿದವರನ್ನು ಪೂರ್ತಿ ತಳ್ಳಿಹಾಕುವಂತಿಲ್ಲ: ಅದು ಕೆಟ್ಟಿರಲಿಕ್ಕಿಲ್ಲ, ಆಯಿಲ್ ಅದರೊಳಗೆ ಅಡಗಿ ಕೂತಿರಬಹುದು.

ಹತ್ತು ದಿನ ಚೆನ್ನಾಗಿತ್ತು ಅಂದಿರಲ್ಲ, ಈ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಮಾತು. ಬ್ಲೀಡ್ ಮಾಡಿದಾಗ ಪೆಡಲ್ ಗಟ್ಟಿಯಾಯಿತು, ಹಾಗಾಗಿ ಆಗ ಒಳಗೆ ಏರ್ ಇದ್ದದ್ದು ನಿಜ. ಹತ್ತು ದಿನಕ್ಕೆ ಮತ್ತೆ ಮೆತ್ತಗಾಯಿತು, ಹಾಗಾಗಿ ಏರ್ ಮತ್ತೆ ಸೇರಿಕೊಂಡಿತು. ಮುಚ್ಚಿದ ವ್ಯವಸ್ಥೆಗೆ ಏರ್ ಸುಮ್ಮನೆ ಬರುವುದಿಲ್ಲ. ಪೆಡಲ್ ಒತ್ತಿದಾಗ ಆಯಿಲ್ ಹೊರಗೆ ತಳ್ಳುವ ಬಿರುಕೇ, ಪೆಡಲ್ ಬಿಟ್ಟಾಗ ಪಿಸ್ಟನ್ ಹಿಂದೆ ಸರಿದು ಒತ್ತಡ ಬಿದ್ದ ಕ್ಷಣದಲ್ಲಿ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಡ್ರಮ್ಮಿನ ಒಳಗೋಡೆಗೆ ಉಜ್ಜುವ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನಲ್ಲಿ ರಬ್ಬರ್ ಕಪ್ ಸವೆದಾಗ ಆಗುವುದು ಇದೇ. ಅದಕ್ಕೇ ನನ್ನ ಮೊದಲ ಅನುಮಾನ ಹಿಂದಿನ ಡ್ರಮ್‌ಗಳ ಮೇಲೆ.

ಏರ್ ಸ್ವಲ್ಪವೇ ಇದ್ದರೂ ಪೆಡಲ್ ಇಷ್ಟೊಂದು ಕೆಳಗೆ ಹೋಗುತ್ತದೆಯೇ ಎಂದು ಕೇಳುವವರಿದ್ದಾರೆ. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳವ್ಯಾಸ 20 ಮಿಲಿಮೀಟರ್ ಇದ್ದರೆ, ಒಂದು ಮಿಲಿಲೀಟರ್ ಗಾಳಿಯನ್ನು ಅದುಮಿ ಮುಗಿಸಲು ಅದರ ಪಿಸ್ಟನ್ 3 ಮಿಲಿಮೀಟರಿಗಿಂತ ತುಸು ಹೆಚ್ಚು ಸರಿಯಬೇಕು. ಪೆಡಲಿನ ಸನ್ನೆಗೋಲಿನ ಅನುಪಾತ ನಾಲ್ಕು ಎಂದರೆ ಕಾಲಿನ ಕೆಳಗೆ ಅದು ಸುಮಾರು 13 ಮಿಲಿಮೀಟರ್ ಆಗುತ್ತದೆ. ಎರಡು ಮೂರು ಮಿಲಿಲೀಟರ್ ಗಾಳಿ ಸಾಕು, ಪೆಡಲ್ ಅರ್ಧಕ್ಕೆ ಹೋಗುತ್ತದೆ.

ಈಗ ಹುಡುಕುವ ಕೆಲಸ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಮ್ಯಾಕ್ಸ್ ಗೆರೆಗೆ ಸರಿಯಾಗಿ ತುಂಬಿಸಿ, ಡಬ್ಬಿಯ ಹೊರಗೆ ಟೇಪು ಅಂಟಿಸಿ ಗುರುತು ಮಾಡಿ. ಎಂಜಿನ್ ಓಡುತ್ತಿರುವಾಗ ಪೆಡಲನ್ನು ಹತ್ತು ಹದಿನೈದು ಸಲ ಜೋರಾಗಿ ಒತ್ತಿ, ಕೊನೆಯ ಸಲ ಒಂದು ನಿಮಿಷ ಹಿಡಿಯಿರಿ. ಸೋರಿಕೆ ಇದ್ದರೂ ಬ್ರೇಕ್ ಒತ್ತಿದಾಗ ಮಾತ್ರ ಹೊರಬರುವುದು ಸಾಮಾನ್ಯ. ರಾತ್ರಿ ಹಾಸಿದ ರಟ್ಟು ಒಣಗಿಯೇ ಇದ್ದುದರಲ್ಲಿ ಆಶ್ಚರ್ಯವಿಲ್ಲ. ಎಲ್ಲಾದರೂ ತೇವ ಕಂಡರೆ ಅದು ಬ್ರೇಕ್ ಆಯಿಲೇ ಎಂದು ತಿಳಿಯಲು ಒಂದು ಹನಿಯನ್ನು ನೀರಿನ ಲೋಟಕ್ಕೆ ಹಾಕಿ. ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ನೀರಿನಲ್ಲಿ ಕರಗಿ ಕಾಣೆಯಾಗುತ್ತದೆ, ಎಂಜಿನ್ ಅಥವಾ ಗೇರ್ ಆಯಿಲ್ ಮೇಲೆ ತೇಲುತ್ತದೆ. ಎಸಿಯಿಂದ ಬೀಳುವ ನೀರು ಬೆರಳಿಗೆ ಜಾರುವುದಿಲ್ಲ, ಒಣಗಿದ ಮೇಲೆ ಗುರುತನ್ನೂ ಬಿಡುವುದಿಲ್ಲ. ಬಣ್ಣದ ಮೇಲೆ ಬ್ರೇಕ್ ಆಯಿಲ್ ಬಿದ್ದರೆ ಕೂಡಲೇ ನೀರು ಸುರಿದು ತೊಳೆಯಿರಿ, ಒರೆಸುತ್ತಾ ಕೂತರೆ ಪೇಂಟ್ ಎದ್ದುಬರುತ್ತದೆ.

ನೆಲಕ್ಕೆ ಬೀಳದೆ ಆಯಿಲ್ ಮಾಯವಾಗುವ ಜಾಗಗಳು ಮೂರು. ಡ್ರಮ್ ಒಂದು. ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂಭಾಗವನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಕೈ ಹಾಕಬೇಡಿ. ಮೊದಲು ಟೈರಿನ ಒಳಬದಿ ಮತ್ತು ಡ್ರಮ್ಮಿನ ಹಿಂದಿನ ತಗಡನ್ನು ನೋಡಿ. ಅಲ್ಲಿ ಧೂಳು ಕಪ್ಪಗೆ ಹಸಿಯಾಗಿ ಅಂಟಿಕೊಂಡಿದ್ದರೆ ಅರ್ಧ ಉತ್ತರ ಸಿಕ್ಕಿತು. ಒಣಗಿದ್ದರೂ ಡ್ರಮ್ ಬಿಚ್ಚಲೇಬೇಕು, ಯಾಕೆಂದರೆ ಶೂ ಆಯಿಲನ್ನು ಹೀರಿಕೊಳ್ಳುತ್ತದೆ, ವಾರಗಟ್ಟಲೆ ಏನೂ ಹೊರಗೆ ಬರುವುದಿಲ್ಲ. ಡ್ರಮ್ ಹಿಡಿದುಕೊಂಡಿದ್ದರೆ ಸುತ್ತಿಗೆಯಿಂದ ಬಡಿಯುವ ಮೊದಲು ಮುಖದ ಮೇಲಿರುವ ಥ್ರೆಡ್ ತೂತುಗಳನ್ನು ನೋಡಿ. ಸಾಮಾನ್ಯವಾಗಿ 8 ಮಿಲಿಮೀಟರ್ ಬೋಲ್ಟ್ ಹಿಡಿಸುತ್ತದೆ. ಎರಡನ್ನೂ ಒಂದೊಂದು ಸುತ್ತಿನಂತೆ ಬಿಗಿಯುತ್ತಾ ಹೋದರೆ ಡ್ರಮ್ ತಾನೇ ಹೊರಬರುತ್ತದೆ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಬ್ರೇಕ್ ಕ್ಲೀನರ್‌ನಿಂದ ನೆನೆಸಿ ತೆಗೆಯಿರಿ.

ವೀಲ್ ಸಿಲಿಂಡರಿನ ಎರಡೂ ತುದಿಗೆ ರಬ್ಬರ್ ಟೋಪಿ ಇರುತ್ತದೆ. ಸ್ಕ್ರೂಡ್ರೈವರಿನಿಂದ ಅದರ ಅಂಚನ್ನು ಮೆಲ್ಲಗೆ ಎತ್ತಿ. ಒಳಗೆ ಸ್ವಲ್ಪ ಪಸೆ ಇದ್ದರೆ ಪರವಾಗಿಲ್ಲ. ಅಂಚು ಎತ್ತಿದ ಕೂಡಲೇ ಆಯಿಲ್ ಜಾರಿ ಬಂದರೆ ಆ ಸಿಲಿಂಡರಿನ ಆಯಸ್ಸು ಮುಗಿದಿದೆ. ಈ ತಪಾಸಣೆಗೆ ಕೆಲವೇ ಸೆಕೆಂಡು ಸಾಕು. ಡ್ರಮ್ ಬಿಚ್ಚಿ ಧೂಳು ಒರೆಸಿ ಮತ್ತೆ ಹಾಕುವವರು ಬಿಟ್ಟುಬಿಡುವುದೂ ಇದನ್ನೇ.

ಎರಡನೆಯದು, ಆಗಲೇ ಹೇಳಿದ ಬೂಸ್ಟರ್. ಮಾಸ್ಟರ್ ಸಿಲಿಂಡರ್ ಬೂಸ್ಟರಿನ ಮುಖಕ್ಕೆ ಎರಡು ನಟ್‌ಗಳಲ್ಲಿ ನಿಂತಿರುತ್ತದೆ. ಅದರ ಹಿಂದಿನ ಸೀಲ್ ಸವೆದರೆ ಆಯಿಲ್ ನೇರ ಬೂಸ್ಟರಿನ ಹೊಟ್ಟೆಗೆ ಇಳಿಯುತ್ತದೆ, ಹೊರಗೆ ಏನೂ ಕಾಣದು. ಎರಡೂ ಕೂಡುವ ಜಾಗದ ಅಡಿಭಾಗದಲ್ಲಿ ಬೂಸ್ಟರಿನ ಕಪ್ಪು ಪೇಂಟ್ ಉಬ್ಬಿ ಸುಲಿದಿದೆಯೇ ನೋಡಿ. ಬ್ರೇಕ್ ಆಯಿಲ್ ಅಲ್ಲಿ ಹಾದುಹೋಗಿರುವುದಕ್ಕೆ ಅದೇ ಸಾಕ್ಷಿ. ಖಾತ್ರಿಯಾಗಬೇಕೆಂದರೆ ಎಂಜಿನ್ ಆಫ್ ಮಾಡಿ, ಪೆಡಲ್ ಒತ್ತಿ ವ್ಯಾಕ್ಯೂಮ್ ಖಾಲಿ ಮಾಡಿ, ಆ ಎರಡು ನಟ್ ಬಿಚ್ಚಿ ಸಿಲಿಂಡರನ್ನು ಪೈಪ್ ಬಾಗದಷ್ಟು, ಒಂದೆರಡು ಸೆಂಟಿಮೀಟರ್ ಮುಂದಕ್ಕೆ ಸರಿಸಿ ಹಿಂಬದಿಯನ್ನು ಬೆರಳಿನಿಂದ ಮುಟ್ಟಿ. ಒಣಗಿರಬೇಕು. ಕೆಲವೊಮ್ಮೆ ಈ ಆಯಿಲನ್ನು ಎಂಜಿನ್ ವ್ಯಾಕ್ಯೂಮ್ ಹೋಸ್ ಮೂಲಕ ಎಳೆದುಕೊಂಡು ಸೈಲೆನ್ಸರಿನಿಂದ ಬಿಳಿ ಹೊಗೆ ಬಿಡುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಜನ ಗಾಬರಿಯಾಗುತ್ತಾರೆ.

ಮೂರನೆಯದನ್ನು ಹೆಚ್ಚಿನವರು ನೋಡುವುದೇ ಇಲ್ಲ: ಕ್ಲಚ್. ನಿಮ್ಮದು ಕೇಬಲ್ ಬದಲು ಹೈಡ್ರಾಲಿಕ್ ಕ್ಲಚ್ ಆಗಿದ್ದರೆ ಎಷ್ಟೋ ಮಾದರಿಗಳಲ್ಲಿ ಬ್ರೇಕ್ ಡಬ್ಬಿಯಿಂದಲೇ ಅದಕ್ಕೂ ಸಣ್ಣ ಹೋಸ್ ಹೋಗಿರುತ್ತದೆ. ಕ್ಲಚ್ ಪೆಡಲಿನ ಮೇಲ್ತುದಿಯಲ್ಲಿ, ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ತೇವ ನೋಡಿ. ಕೆಳಗಿನಿಂದ ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದ ತಳವನ್ನೂ ನೋಡಿ. ಆದರೆ ಆ ಹೋಸ್ ಡಬ್ಬಿಯ ಮೇಲ್ಭಾಗದಿಂದ ಹೊರಡುತ್ತದೆ, ಆದ್ದರಿಂದ ಕ್ಲಚ್ ಸೋರಿಕೆಯೊಂದರಿಂದಲೇ ಬ್ರೇಕಿಗೆ ಏರ್ ಸೇರುವುದು ಅಪರೂಪ. ಕ್ಲಚ್ ತಳದಲ್ಲಿ ಹಿಡಿಯುತ್ತಿಲ್ಲ, ರಿವರ್ಸ್ ಗೇರ್ ಕರಕರ ಅನ್ನುತ್ತಿಲ್ಲ ಎಂದಾದರೆ ಇದು ನಿಮ್ಮ ಪಟ್ಟಿಯ ಕೊನೆಯಲ್ಲಿರಲಿ.

ಬಯಲಲ್ಲಿರುವ ಭಾಗಗಳನ್ನು ಬೇಗ ನೋಡಿ ಮುಗಿಸಬಹುದು. ಕ್ಯಾಲಿಪರ್ ಪಿಸ್ಟನ್ ಸುತ್ತಲಿನ ರಬ್ಬರ್, ಪ್ರತಿ ಫ್ಲೆಕ್ಸಿಬಲ್ ಹೋಸನ್ನು ಬಗ್ಗಿಸಿದಾಗ ಬಿರುಕು, ಇನ್ನೊಬ್ಬರು ಪೆಡಲ್ ಒತ್ತಿದಾಗ ಹೋಸ್ ಉಬ್ಬುತ್ತದೆಯೇ, ಕಬ್ಬಿಣದ ಪೈಪ್‌ಗಳಲ್ಲಿ ತುಕ್ಕು. ಪೈಪ್ ತುಕ್ಕು ಹಿಡಿಯುವುದು ಕಣ್ಣಿಗೆ ಕಾಣುವ ಕಡೆ ಕಡಿಮೆ, ಪ್ಲಾಸ್ಟಿಕ್ ಕ್ಲಿಪ್ಪಿನ ಅಡಿಯಲ್ಲಿ ಮತ್ತು ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗದಲ್ಲಿ ಹೆಚ್ಚು.

ಆಮೇಲೆ ಪೆಡಲ್ ಪರೀಕ್ಷೆ. ಎಂಜಿನ್ ಆಫ್, ನಾಲ್ಕೈದು ಸಲ ಒತ್ತಿ ವ್ಯಾಕ್ಯೂಮ್ ಖಾಲಿ. ಮೊದಲು ಜೋರಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ನಂತರ ಸಿಗ್ನಲ್‌ನಲ್ಲಿ ಕಾರು ಜಾರದಷ್ಟು ಒತ್ತುತ್ತೀರಲ್ಲ, ಅಷ್ಟೇ ಹಗುರವಾಗಿ ಇನ್ನೊಂದು ನಿಮಿಷ. ಹಗುರ ಒತ್ತಡ ಯಾಕೆ ಅಂದರೆ, ಮಾಸ್ಟರ್ ಸಿಲಿಂಡರಿನ ರಬ್ಬರ್ ತುಟಿಯನ್ನು ಗೋಡೆಗೆ ಒತ್ತಿ ಹಿಡಿಯುವುದೇ ಆಯಿಲಿನ ಒತ್ತಡ. ಸವೆದ ತುಟಿ ಜೋರಾಗಿ ಒತ್ತಿದಾಗ ಹೇಗೋ ಅಂಟಿಕೊಂಡು ನಿಲ್ಲುತ್ತದೆ, ಮೆಲ್ಲಗೆ ಒತ್ತಿದಾಗ ಆಯಿಲನ್ನು ಹಿಂದಕ್ಕೆ ಬಿಟ್ಟುಕೊಡುತ್ತದೆ. ಪೆಡಲ್ ನಿಧಾನವಾಗಿ ನೆಲ ಮುಟ್ಟಿತು, ಡಬ್ಬಿಯ ಮಟ್ಟ ಮಾತ್ರ ಟೇಪಿನಲ್ಲೇ ಇದೆ ಎಂದರೆ ಮಾಸ್ಟರ್ ಸಿಲಿಂಡರ್ ಒಳಗೊಳಗೇ ಬಿಡುತ್ತಿದೆ. ಮಟ್ಟವೂ ಇಳಿದರೆ ಹೊರಗಿನ ಸೋರಿಕೆ. ಪೆಡಲ್ ಒಂದೇ ಕಡೆ ನಿಂತು, ಸ್ಪಂಜಿನಂತೆ ಪುಟಿದರೆ ಏರ್. ಒಳಗೆ ಬಿಡುವ ಮಾಸ್ಟರ್ ಸಿಲಿಂಡರ್ ಆಯಿಲನ್ನು ಡಬ್ಬಿಗೇ ವಾಪಸ್ ಕಳಿಸುತ್ತದೆ, ಖಾಲಿ ಮಾಡುವುದಿಲ್ಲ. ಹಾಗಾಗಿ ಮೂರನೆಯ ಮೆಕ್ಯಾನಿಕ್ ಹೇಳಿದ ಕಾರಣ ಒಂದರಿಂದಲೇ ನಿಮ್ಮ ಆಯಿಲ್ ಇಳಿಯಬೇಕೆಂದರೆ ಅದರ ಹಿಂದಿನ ಸೀಲೇ ಹೋಗಿರಬೇಕು.

ಎರಡನೇ ಸಲ ಒತ್ತಿದಾಗ ಪೆಡಲ್ ಮೇಲೆ ಹಿಡಿಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಶೂ ಸವೆದಂತೆ ಅಂತರವನ್ನು ತಾನೇ ಸರಿಪಡಿಸುವ, ಡ್ರಮ್ಮಿನೊಳಗಿನ ಆಟೋ ಅಡ್ಜಸ್ಟರ್ ಹಿಡಿದುಕೊಂಡು ಶೂಗೂ ಡ್ರಮ್ಮಿಗೂ ಅಂತರ ಹೆಚ್ಚಾಗಿದ್ದರೂ ಹೀಗೇ ಆಗುತ್ತದೆ. ಹ್ಯಾಂಡ್‌ಬ್ರೇಕನ್ನು ಪೂರ್ತಿ ಎಳೆದು ಪೆಡಲ್ ಒತ್ತಿ ನೋಡಿ. ಮೊದಲ ಒತ್ತಿಗೇ ಪೆಡಲ್ ಎತ್ತರದಲ್ಲಿ ಗಟ್ಟಿಯಾಗಿ ನಿಂತರೆ ಅಂತರದ ಪಾಲೂ ಇದೆ ಎಂದು ತಿಳಿಯಿರಿ. ಡ್ರಮ್ ಬಿಚ್ಚಿದಾಗ ಅಡ್ಜಸ್ಟರಿನ ಥ್ರೆಡ್ ಉಜ್ಜಿ, ಶಾಖ ತಡೆಯುವ ಗ್ರೀಸನ್ನು ತೀರಾ ತೆಳುವಾಗಿ ಹಚ್ಚಿ ತಿರುಗುವಂತೆ ಮಾಡಿ.

ಇಷ್ಟಾದ ಮೇಲೂ ತಿಳಿಯದಿದ್ದರೆ ಕೆಲವರು ಹೋಸ್‌ಗಳನ್ನು ಒಂದೊಂದಾಗಿ ಕ್ಲ್ಯಾಂಪ್ ಮಾಡಿ ನೋಡುತ್ತಾರೆ. ಯಾವುದನ್ನು ಅದುಮಿದಾಗ ಪೆಡಲ್ ಗಟ್ಟಿಯಾಗುತ್ತದೋ ದೋಷ ಆ ಚಕ್ರದಲ್ಲಿ. ವಿಧಾನ ಸರಿ, ಆದರೆ ಒಂಬತ್ತು ವರ್ಷದ ಹೋಸಿನ ಒಳಪದರ ಹಲ್ಲಿರುವ ಇಕ್ಕಳಕ್ಕೆ ಸಿಕ್ಕರೆ ಬಿರಿಯುತ್ತದೆ, ನಾಳೆ ಅದೇ ಹೊಸ ಕಾಯಿಲೆ. ದುಂಡು ದವಡೆಯ ಹೋಸ್ ಕ್ಲ್ಯಾಂಪ್ ಇಲ್ಲದಿದ್ದರೆ ಬೇಡ. ಮಾಸ್ಟರ್ ಸಿಲಿಂಡರಿನ ಔಟ್‌ಲೆಟ್‌ಗಳಿಗೆ ಅದೇ ಥ್ರೆಡ್ಡಿನ ಪ್ಲಗ್ ಹಾಕಿ ಒತ್ತುವುದು ಇದಕ್ಕಿಂತ ಖಚಿತ: ಒಳಗೆ ಏರ್ ಇಲ್ಲದಿದ್ದರೆ ಪೆಡಲ್ ಕದಲಬಾರದು, ಕದಲಿ ಇಳಿದರೆ ಸಿಲಿಂಡರೇ ಅಪರಾಧಿ.

ರಿಪೇರಿ. ವೀಲ್ ಸಿಲಿಂಡರ್ ಸೋರುತ್ತಿದ್ದರೆ ಕಿಟ್ ಹಾಕಿ ರಬ್ಬರ್ ಮಾತ್ರ ಬದಲಿಸಬಹುದು, ಅಗ್ಗವೂ ಹೌದು. ಆದರೆ ಕಪ್ ಸವೆಯಲು ಕಾರಣ ಹೆಚ್ಚಾಗಿ ಸಿಲಿಂಡರಿನ ಒಳಗೋಡೆಯ ತುಕ್ಕಿನ ಗುಂಡಿಗಳು. ಗೋಡೆ ಕನ್ನಡಿಯಂತಿದ್ದರೆ ಕಿಟ್ ನಿಲ್ಲುತ್ತದೆ. ಉಗುರಿಗೆ ಒಂದು ಗುಂಡಿ ಸಿಕ್ಕರೂ ಹೊಸ ಕಪ್ಪನ್ನು ಅದು ಕೆಲವೇ ತಿಂಗಳಲ್ಲಿ ಕಡಿಯುತ್ತದೆ. ನಾನಾದರೆ ಎರಡೂ ಬದಿಗೆ ಹೊಸ ಸಿಲಿಂಡರ್ ಹಾಕಲು ಹೇಳುತ್ತೇನೆ, ಒಂದರ ವಯಸ್ಸೇ ಇನ್ನೊಂದಕ್ಕೂ ಆಗಿರುತ್ತದೆ. ಆಯಿಲ್ ಕುಡಿದ ಶೂಗಳನ್ನು ಉಜ್ಜಿ, ತೊಳೆದು, ಬೆಂಕಿಗೆ ಹಿಡಿದು ಮತ್ತೆ ಹಾಕುವುದು ಬೇಡ. ಬಿಸಿಯಾದಾಗ ಒಳಗಿನ ಆಯಿಲ್ ಮತ್ತೆ ಮೇಲೆ ಬಂದು ಒಂದು ಚಕ್ರ ಹಿಡಿಯುತ್ತದೆ, ಇನ್ನೊಂದು ಬಿಡುತ್ತದೆ, ಕಾರು ಪಕ್ಕಕ್ಕೆ ಎಳೆಯುತ್ತದೆ. ಶೂ ಬದಲಿಸುವುದು ಜೋಡಿಯಾಗಿಯೇ. ಮಾಸ್ಟರ್ ಸಿಲಿಂಡರಿಗೆ ಕಿಟ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಪೂರ್ತಿ ಬದಲಿಸಿ, ಕೂರಿಸುವ ಮೊದಲು ವೈಸ್‌ನಲ್ಲಿ ಹಿಡಿದು ಅದರೊಳಗಿನ ಏರ್ ತೆಗೆಸಿ, ಬೂಸ್ಟರಿನಲ್ಲಿ ನಿಂತ ಆಯಿಲನ್ನು ಹೀರಿ ತೆಗೆಸಿ.

ಒಂದು ಎಚ್ಚರಿಕೆ. ಡಬ್ಬಿಯ ಮುಚ್ಚಳದೊಳಗಿನ ರಬ್ಬರ್ ಪದರ ಉಬ್ಬಿ, ಸುಕ್ಕಾಗಿ, ಮತ್ತೆ ಕೂರದಷ್ಟು ದೊಡ್ಡದಾಗಿದೆಯೇ ನೋಡಿ. ಹಾಗಿದ್ದರೆ ಯಾರೋ ಪವರ್ ಸ್ಟೀರಿಂಗ್ ಆಯಿಲನ್ನೋ ಎಂಜಿನ್ ಆಯಿಲನ್ನೋ ಸುರಿದಿದ್ದಾರೆ. ಆಗ ಲೆಕ್ಕವೇ ಬೇರೆ: ಖನಿಜ ತೈಲ ತಾಗಿದ ರಬ್ಬರ್ ಎಲ್ಲೆಲ್ಲಿದೆಯೋ ಅಲ್ಲೆಲ್ಲ, ಮಾಸ್ಟರ್ ಸಿಲಿಂಡರಿನಿಂದ ಹೋಸ್‌ಗಳವರೆಗೆ, ಬದಲಾಗಬೇಕು.

ಬ್ಲೀಡಿಂಗ್ ಬರುವುದು ಇದೆಲ್ಲ ಮುಗಿದ ಮೇಲೆ. ಯಾವ ಆಯಿಲ್ ಎಂದು ಮುಚ್ಚಳದ ಮೇಲೆ ಬರೆದಿರುತ್ತದೆ. ಡಾಟ್ 3 ಹೊಸದಿದ್ದಾಗ ಕುದಿಯುವುದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ಗೆ, ನೀರು ಸೇರಿದ ಮೇಲೆ 140ಕ್ಕೆ. ಡಾಟ್ 4 ಕ್ರಮವಾಗಿ 230 ಮತ್ತು 155ಕ್ಕೆ. ಡಾಟ್ 3 ಇದ್ದ ಕಡೆ ಡಾಟ್ 4 ಹಾಕಬಹುದು. ಡಾಟ್ 5 ಸಿಲಿಕೋನ್, ಅದನ್ನು ಬೆರೆಸಲೇಬೇಡಿ. ಹೆಸರು ಹತ್ತಿರವಿದ್ದರೂ ಡಾಟ್ 5.1 ಬೇರೆಯೇ, ಅದು ಡಾಟ್ 4ರ ಜಾತಿಯದು. ಎಷ್ಟೋ ದಿನದಿಂದ ತೆರೆದಿಟ್ಟ ಬಾಟಲಿಯ ಆಯಿಲ್ ಗಾಳಿಯ ತೇವ ಹೀರಿರುತ್ತದೆ, ಸೀಲ್ ಇರುವ ಹೊಸದನ್ನೇ ತನ್ನಿ. ಹಳೆಯದನ್ನು ಪೂರ್ತಿ ಹೊರಹಾಕಿ ಹೊಸದು ತುಂಬಲು ಒಂದು ಲೀಟರ್ ಸಾಕು.

ಯಾವ ಚಕ್ರದಿಂದ ಶುರು ಮಾಡಬೇಕು ಎನ್ನುವುದು ಕಾರಿನ ಮ್ಯಾನುಯಲ್‌ನಲ್ಲಿರುತ್ತದೆ. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರ ಮೊದಲು ಎನ್ನುವ ರೂಢಿ ಎಲ್ಲ ಮಾದರಿಗೂ ಹೊಂದುವುದಿಲ್ಲ. ಚಕ್ರದ ಬಳಿ ಆಯಿಲ್ ಹೊರಬಿಡುವ ನಿಪ್ಪಲಿಗೆ ಪಾರದರ್ಶಕ ಟ್ಯೂಬ್ ತೊಡಿಸಿ, ಅದರ ಇನ್ನೊಂದು ತುದಿ ಬಾಟಲಿಯ ಆಯಿಲಿನಲ್ಲಿ ಮುಳುಗಿರಲಿ. ರಿಂಗ್ ಸ್ಪ್ಯಾನರ್ ಬಳಸಿ, ಓಪನ್ ಸ್ಪ್ಯಾನರ್ ನಿಪ್ಪಲಿನ ಮೂಲೆ ತಿಂದುಹಾಕುತ್ತದೆ. ಒಬ್ಬರು ಪೆಡಲನ್ನು ನಿಧಾನ ಒತ್ತಿದಾಗ ಇನ್ನೊಬ್ಬರು ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ, ಪೆಡಲ್ ಮೇಲೆ ಬರುವ ಮೊದಲೇ ಮುಚ್ಚಬೇಕು. ಪೆಡಲಿನ ಅಡಿಗೆ ಒಂದು ಮರದ ತುಂಡು ಇಡಿ. ಹಳೆಯ ಸಿಲಿಂಡರಿನ ತಳಭಾಗದಲ್ಲಿ ರಬ್ಬರ್ ಎಂದೂ ಓಡಾಡದ ಜಾಗ ಒರಟಾಗಿರುತ್ತದೆ. ಪೆಡಲನ್ನು ನೆಲಕ್ಕೆ ಒತ್ತಿ ಒತ್ತಿ ಬ್ಲೀಡ್ ಮಾಡಿದರೆ ಸರಿಯಿದ್ದ ಕಪ್ಪೂ ಅಲ್ಲಿ ಹರಿಯುತ್ತದೆ. "ಬ್ಲೀಡ್ ಮಾಡಿಸಿದ ಮೇಲೇ ಮಾಸ್ಟರ್ ಸಿಲಿಂಡರ್ ಹೋಯಿತು" ಎಂಬ ದೂರಿನ ಮೂಲ ಹಲವು ಸಲ ಇದೇ. ಸಿಗ್ನಲ್‌ನಲ್ಲಿ ಇಳಿಯುವುದು ಆ ಬ್ಲೀಡಿಂಗ್ ಆದ ಮೇಲೆ ಶುರುವಾಯಿತೇ ಎಂದು ನೀವೂ ನೆನಪಿಸಿಕೊಳ್ಳಿ. ಡಬ್ಬಿ ಮಧ್ಯದಲ್ಲಿ ಬರಿದಾಗಿ ಎಬಿಎಸ್ ಮಾಡ್ಯೂಲಿಗೆ ಏರ್ ಹೋದರೆ ಕೈಯಿಂದ ತೆಗೆಯಲು ಬಹಳ ಸಲ ಆಗುವುದಿಲ್ಲ, ಸ್ಕ್ಯಾನರ್ ಹಾಕಿ ಅದರ ಪಂಪ್ ಓಡಿಸಬೇಕಾಗುತ್ತದೆ.

ಆಯಿಲ್ ಹಾಕಿಕೊಂಡೇ ಓಡಿಸಬಹುದೇ ಎಂದು ಕೇಳಿದ್ದೀರಿ. ಬ್ರೇಕಿಗೆ ಎರಡು ಸರ್ಕ್ಯೂಟ್ ಇರುತ್ತವೆ, ಮುಂಚಕ್ರ ಎಳೆಯುವ ಕಾರುಗಳಲ್ಲಿ ಸಾಮಾನ್ಯವಾಗಿ ಒಂದು ಮುಂಚಕ್ರಕ್ಕೆ ಎದುರು ಮೂಲೆಯ ಹಿಂಚಕ್ರ ಜೋಡಿ. ಸೋರುವ ಸರ್ಕ್ಯೂಟ್ ಬರಿದಾದ ದಿನ ಪೆಡಲ್ ಬಹಳ ಕೆಳಗೆ ಹೋಗಿ, ಉಳಿದ ಎರಡೇ ಚಕ್ರಗಳು ಕಾರನ್ನು ನಿಲ್ಲಿಸಬೇಕು. ನಿಲ್ಲುವ ದೂರ ತುಂಬಾ ಹೆಚ್ಚುತ್ತದೆ. ಗ್ಯಾರೇಜಿಗೂ ಟೋ ಮಾಡಿಸಿಯೇ ಕಳಿಸಿ. ಅದಕ್ಕೂ ಮೊದಲೇ ದಾರಿಯಲ್ಲಿ ಪೆಡಲ್ ನೆಲಕ್ಕೆ ಹೋದರೆ ಬೇಗ ಬೇಗ ಪಂಪ್ ಮಾಡಿ, ಗೇರ್ ಇಳಿಸಿ, ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿ ಹಿಡಿದು ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ. ಎಂಜಿನ್ ಆಫ್ ಮಾಡಬೇಡಿ, ಸ್ಟೀರಿಂಗ್ ಬಿಗಿಯಾಗುತ್ತದೆ.

ಕೆಲಸ ಮುಗಿದು ಕಾರು ವಾಪಸ್ ಬಂದಾಗ ಹೊರಗೆ ಓಡಿಸುವ ಮೊದಲು ಅಂಗಳದಲ್ಲೇ ಒಂದು ನಿಮಿಷದ ಹಗುರ ಒತ್ತಡದ ಪರೀಕ್ಷೆಯನ್ನು ಮತ್ತೆ ಮಾಡಿ. ಟೇಪಿನ ಗುರುತನ್ನು ಮೊದಲ ವಾರ ದಿನವೂ, ಆಮೇಲೆ ಒಂದು ತಿಂಗಳು ವಾರಕ್ಕೊಮ್ಮೆ ನೋಡಿ. ಶೂ ಹೊಸದಾದ್ದರಿಂದ ಆಟೋ ಅಡ್ಜಸ್ಟರ್ ಕೂರುವ ತನಕ ಪೆಡಲ್ ಕೂದಲೆಳೆಯಷ್ಟು ಬದಲಾಗಬಹುದು. ಆಯಿಲಿನ ಮಟ್ಟ ಎರಡು ಮಿಲಿಮೀಟರ್ ಇಳಿದರೂ ಸುಮ್ಮನಿರದೆ ಅದೇ ಗ್ಯಾರೇಜಿಗೆ ಹೇಳಿ ಡ್ರಮ್ ಮತ್ತೆ ಬಿಚ್ಚಿಸಿ.